ಅಮ್ಮನ ಎದೆಯಲ್ಲಿ ‘ಮರ್ಮರ್’ ಇದೆಯಂತೆ. ಇದಕ್ಕೆ ನಮ್ಮಲ್ಲಿ ಏನಂತಾರೆ?

ತೋಟದಮನೆ_ಹುಡುಗಿ

ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಒಂದು ಸಲ ಎಲ್ಲ ಚೆಕ್ ಮಾಡಿಸಿಕೊಂಡು ಬನ್ನಿ ಅಂದಿದ್ದರು ಅಂತ ಮೊನ್ನೆ ಅಮ್ಮನನ್ನು ಕರ್ಕೊಂಡು ಹೋಗಿದ್ದೆ. ಅಮ್ಮನಿಗೆ 68. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲೇ ಹುಟ್ಟಿ ಬೆಳೆದವಳು, ಈಗ ಮೂರು ವರ್ಷದಿಂದ ಬೆಂಗಳೂರಲ್ಲಿ ನನ್ನ ಜೊತೆ ಇದ್ದಾಳೆ. ಡಾಕ್ಟರ್ ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಒಂದು ಕಡೆ ಇಟ್ಟು ತೆಗೆದರು, ಮತ್ತೆ ಅಲ್ಲೇ ಇಟ್ಟರು. “ಮರ್ಮರ್ ಕೇಳಿಸ್ತಿದೆ, ಎಕೋ ಮಾಡಿಸಿ” (ಹೃದಯದ ಸ್ಕ್ಯಾನ್) ಅಂದು ಚೀಟಿ ಬರೆದು ಮುಂದಿನ ಪೇಷಂಟ್ ಕರೆದರು. ಅಷ್ಟೇ. ಒಂದೂವರೆ ನಿಮಿಷ ಆಗಿರಬಹುದು.

ಅಮ್ಮನಿಗೆ ಕೇಳಿಸಿದ್ದು ‘ಮರ್ಮ’. ಆಟೋದಲ್ಲಿ ಮನೆ ತನಕ ಅದೇ ಮಾತು. “ನನ್ನ ಎದೇಲಿ ಎಂತ ಮರ್ಮ ಇರ್ತದೆ ಮಾರಾಯ್ತಿ? ಇದ್ದದ್ದನ್ನೆಲ್ಲ ನಿಮ್ಮಪ್ಪಂಗೆ ಹೇಳಿ ಮುಗ್ಸಿದೀನಿ.” ನಾನು ನಕ್ಕೆ, ಅವಳು ನಗಲಿಲ್ಲ. ರಾತ್ರಿ ಊಟ ಸರಿ ಮಾಡಲಿಲ್ಲ.

ಕನ್ನಡದಲ್ಲಿ ಬಿಡಿಸಿ ಹೇಳೋಣ ಅಂತ ಹೊರಟೆ. ಸಿಕ್ಕಿಹಾಕಿಕೊಂಡೆ. ‘ಪಿಸುಗುಟ್ಟಿದ ಹಾಗೆ ಸದ್ದು’ ಅಂದೆ. “ಯಾರು ಪಿಸುಗುಟ್ಟೋದು?” ‘ಗುಸುಗುಸು’ ಅಂದೆ. “ಅದು ಜನ ಮಾಡೋದು. ಎದೆ ಒಳಗೆ ಯಾರು ಕೂತಿದಾರೆ?” ‘ಗುಜುಗುಜು’ ಅಂದೆ. “ಅದು ಮದುವೆ ಮನೇಲಿ.” ಇಷ್ಟಕ್ಕೆ ನನ್ನ ಕನ್ನಡ ಮುಗೀತು.

ಆಮೇಲೆ ನಿಘಂಟು ತೆಗೆದರೆ ‘ಮರ್ಮರ’ ಅನ್ನೋ ಸಂಸ್ಕೃತ ಶಬ್ದವೇ ಇದೆ! ಹಾಗಾದ್ರೆ ಇಂಗ್ಲಿಷಿನ ಮರ್ಮರ್ ಇಲ್ಲಿಂದ ಹೋಯಿತಾ, ಅಥವಾ ಎರಡಕ್ಕೂ ಒಂದೇ ಬೇರಾ? ‘ಮರ್ಮ’ಕ್ಕೂ ಇದಕ್ಕೂ ಏನಾದರೂ ನಂಟಿದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಅಮ್ಮನಿಗೆ ಏನಂತ ಹೇಳಲಿ? ಎಕೋ ಶನಿವಾರ ಇದೆ.

ಬಸವನಗುಡಿ_ಬಾಲ

ಗೊಣಗಾಟ. “ಅಮ್ಮಾ, ನಿನ್ನ ಹೃದಯ ಗೊಣಗ್ತಿದೆ.” ಮುಗೀತು.

ತೋಟದಮನೆ_ಹುಡುಗಿ

ಹೇಳಿ ನೋಡಿದೆ. “ಗೊಣಗೋದು ನಾನು, ಎದೆ ಅಲ್ಲ” ಅಂದಳು. ಅದೂ ನಿಜವೇ.

ಚುರಮರಿ_ಚೀಲ

ಧಾರವಾಡದಾಂವ ನಾನು. ಮರ್ಮರ್ ಅಂದಕೂಡ್ಲೆ ನನಗ ಹಸಿವು ಆತು ನೋಡ್ರಿ. ಹಿಂದಿ ಮಂದಿ ‘ಮುರ್‌ಮುರಾ’ ಅಂತಾರಲ್ಲ, ಮರಾಠ್ಯಾಗ ‘ಕುರ್‌ಮುರೆ’, ನಮ್ಮ ಕಡೆ ಚುರಮರಿ. ದಾವಣಗೆರಿಯವ್ರು ಮಂಡಕ್ಕಿ ಅಂತಾರ, ಮೈಸೂರಿನವ್ರು ಪುರಿ. ಮಂಡಕ್ಕಿ ಅಂದ್ರ ಅದರಾಗ ಅಕ್ಕಿ ಐತಿ, ತಿಳೀತದ. ಚುರಮರಿ, ಕುರ್‌ಮುರೆ, ಮುರ್‌ಮುರಾ, ಇವು ಹಲ್ಲಿನಾಗ ಆಗೋ ಸಪ್ಪಳದ ಹೆಸರು. ತಿನ್ನೋ ಪದಾರ್ಥಕ್ಕ ಅದನ್ನ ಕಡಿಯೋ ಸಪ್ಪಳನ ಹೆಸರಾತು. ಅಂದಮ್ಯಾಲ ‘ಮರ್ಮರ್’ ಸಣ್ಣ ಸಪ್ಪಳಕ್ಕ ಹೆಸರಾಗೂದು ಏನ್ ದೊಡ್ಡ ಮಾತು.

ಇನ್ನ ಗುಜುಗುಜು ಬಗ್ಗೆ. ಕಾಲೇಜಿನಾಗ ನಾಟಕ ಮಾಡ್ತಿದ್ವಿ. ದರಬಾರದ ಸೀನ್, ನಾವು ಎಂಟು ಮಂದಿ ಪ್ರಜೆಗಳು, ಒಂದೂ ಡೈಲಾಗ್ ಇಲ್ಲ. ರಾಜಾ ಒಂದು ಕೆಟ್ಟ ಸುದ್ದಿ ಹೇಳ್ತಾನ, ಆಗ ಪ್ರಜೆಗಳಾಗ ಸಣ್ಣ ಗದ್ದಲ ಏಳಬೇಕು. ನಿರ್ದೇಶಕರು “ಗುಜುಗುಜು ಮಾಡ್ರಿ” ಅಂದ್ರು. ನಮಗ ಏನು ಮಾತಾಡಬೇಕು ತಿಳೀಲಿಲ್ಲ, ಎಂಟೂ ಮಂದಿ ತುಟಿ ಅಲ್ಲಾಡಿಸಿ ಖರೇನ “ಗುಜುಗುಜು ಗುಜುಗುಜು” ಅಂದ್ವಿ. ಕಡೀ ಸಾಲಿನಾಗ ಕೂತಾಂವ ಬಂದು ಹೇಳಿದ, ಥೇಟ್ ಮಂದಿ ಮಾತಾಡಿದಂಗ ಕೇಳ್ತು ಅಂತ! ಇಂಗ್ಲಿಷ್ ನಾಟಕದವ್ರು ಇದಕ್ಕ ‘ರೂಬಾರ್ಬ್ ರೂಬಾರ್ಬ್’ ಅಂತಾರಂತ, ಅದು ಒಂದು ತರಕಾರಿ ಹೆಸರು. ಅಮೆರಿಕಾದ ರೇಡಿಯೋ ನಾಟಕದವ್ರು ‘ವಾಲಾ ವಾಲಾ’ ಅಂತಿದ್ರಂತ. ನಮ್ಮದು ಬೆಸ್ಟ್ ಅಲ್ರಿ? ಸಪ್ಪಳದ ಹೆಸರೂ ಅದನ, ಸಪ್ಪಳಾನೂ ಅದನ.

ನಿವೃತ್ತ_ಮೇಷ್ಟ್ರು

ನಾಟಕದ ಕಥೆ ಚೆನ್ನಾಗಿದೆ. ನಾನು 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು. ಉತ್ತರ ಉದ್ದವಾದರೆ ಬೈಯಬೇಡಿ ತಾಯೀ.

ಮೊದಲು ಮರ್ಮ. ಅದಕ್ಕೂ ಮರ್ಮರಕ್ಕೂ ಸಂಬಂಧವಿಲ್ಲ. ಮರ್ಮ ಅಂದರೆ ಪೆಟ್ಟು ಬಿದ್ದರೆ ಪ್ರಾಣ ಹೋಗುವ ಜಾಗ. ಸಾಯುವುದು ಎಂಬ ಅರ್ಥದ ಧಾತುವಿನಿಂದ ಅದನ್ನು ಬಿಡಿಸುತ್ತಾರೆ. ಸುಶ್ರುತನ ಲೆಕ್ಕದಲ್ಲಿ ಮೈಯಲ್ಲಿ 107 ಮರ್ಮಗಳು, ಅದರಲ್ಲಿ ಹೃದಯವೂ ಒಂದು. ‘ಎದೆಯಲ್ಲಿ ಮರ್ಮ’ ಎಂದು ನಿಮ್ಮ ತಾಯಿ ಕೇಳಿಸಿಕೊಂಡದ್ದು ತಪ್ಪೇ ಆದರೂ ಸುಶ್ರುತ ಒಪ್ಪುವ ತಪ್ಪು. ಗುಟ್ಟು ಎಂಬ ಅರ್ಥ ಅದಕ್ಕೆ ಆಮೇಲೆ ಬಂದದ್ದು. ಮುಟ್ಟಿದರೆ ನೋಯುವ ಜಾಗವನ್ನು ಯಾರಾದರೂ ಮುಚ್ಚಿಕೊಳ್ಳುತ್ತಾರೆ ತಾನೆ.

ಇನ್ನು ಮರ್ಮರ. ಅಮರಕೋಶದಲ್ಲಿ ‘ಸ್ವನಿತೇ ವಸ್ತ್ರಪರ್ಣಾನಾಂ’ ಎಂದಿದೆ. ಬಟ್ಟೆಯದು, ಎಲೆಯದು, ಈ ಎರಡರ ಸದ್ದು ಮರ್ಮರ. ಒಡವೆಯ ಸದ್ದಾದರೆ ಮರ್ಮರವಲ್ಲ, ಶಿಂಜಿತ. ಇಂಪಾಗಿದ್ದು ಸ್ಪಷ್ಟವಾಗಿ ಕೇಳದ ದನಿಗೆ ‘ಕಲ’, ಗಂಭೀರವಾದದ್ದಕ್ಕೆ ‘ಮಂದ್ರ’. ಸಂಗೀತದವರ ಮಂದ್ರಸ್ಥಾಯಿ ಇದೇ ಮಂದ್ರ. ಕಾಳಿದಾಸ ರಘುವಂಶದ ಆರನೇ ಸರ್ಗದಲ್ಲಿ, ಇಂದುಮತಿಯ ಸ್ವಯಂವರದಲ್ಲಿ, ಕಳಿಂಗದ ಅರಸನನ್ನು ಹೊಗಳುವಾಗ ‘ತಾಲೀವನಮರ್ಮರೇಷು’ ಎನ್ನುತ್ತಾನೆ: ತಾಳೆಮರಗಳು ಮರ್ಮರಗುಟ್ಟುವ ಕಡಲ ದಂಡೆ. ಗಾಳಿಗೆ ತಾಳೆಗರಿ ಒಂದಕ್ಕೊಂದು ಉಜ್ಜಿಕೊಳ್ಳುವುದನ್ನು ಕೇಳಿದ್ದೀರಾ? ಕೇಳಿದ್ದರೆ ಬೇರೆ ವಿವರಣೆ ಬೇಡ.

ಇಂಗ್ಲಿಷಿನ ಮರ್ಮರ್ ಲ್ಯಾಟಿನ್ನಿನ ‘ಮುರ್ಮುರ್’ ಫ್ರೆಂಚ್ ದಾರಿಯಲ್ಲಿ ಬಂದದ್ದು. ಗ್ರೀಕಿನಲ್ಲೂ ಮೊರ್ಮುರ್ ಎಂಬಂಥ ಕ್ರಿಯಾಪದ ಇದೆ, ನೀರು ಭೋರ್ಗರೆಯುವುದಕ್ಕೆ. ಇವೆಲ್ಲ ಒಂದೇ ಬಳ್ಳಿಯ ಕಾಯಿ ಎಂದು ನಿಘಂಟುಗಳು ಅಕ್ಕಪಕ್ಕ ಇಡುತ್ತವೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ತಮಿಳಿನಲ್ಲಿ ‘ಮುಱುಮುಱು’ ಅಂದರೆ ಗೊಣಗು, ‘ಮುರಲ್’ ಅಂದರೆ ದುಂಬಿ ಮೊರೆಯುವುದು. ನಮ್ಮ ‘ಮೊರೆ’ಯನ್ನೇ ನೋಡಿ. ಕಡಲು ಮೊರೆಯುತ್ತದೆ, ದುಂಬಿ ಮೊರೆಯುತ್ತದೆ. ಇವು ಸಂಸ್ಕೃತದ ಬಳ್ಳಿಯವಲ್ಲ. ತುಟಿ ಮುಚ್ಚಿಕೊಂಡು ‘ಮ್’ ಎನ್ನಿ, ನಾಲಿಗೆ ನಡುಗಿಸಿ ‘ರ್’ ಎನ್ನಿ. ಬಾಯಿ ದೊಡ್ಡದಾಗಿ ತೆರೆಯದೆ ಮಾಡಬಹುದಾದ ಸದ್ದು ಅದು. ಎಲ್ಲ ಜನಕ್ಕೂ ತುಟಿ ನಾಲಿಗೆ ಒಂದೇ ರೀತಿ ಇರುವಾಗ ಯಾರು ಯಾರಿಂದ ಕಲಿತರು ಎಂದು ಯಾಕೆ ಜಗಳ?

ಇಂಥ ಪದಗಳು ಭಾಷೆಯ ಕಾನೂನಿಗೆ ಬಗ್ಗುವುದಿಲ್ಲ. ಇದು ನನಗೆ ಬಲು ಪ್ರಿಯವಾದ ವಿಷಯ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಹತ್ತನೆಯ ಶತಮಾನದ ಹೊತ್ತಿಗೆ ಶುರುವಾದ ಈ ಗಾಳಿಗೆ ಸಿಕ್ಕದ ‘ಪ’ಕಾರ ಕಡಿಮೆ. ‘ಪಿಸುಕು’ ಕೂಡ ‘ಹಿಸುಕು’ ಆಯಿತು. ಆದರೆ ‘ಪಿಸುಮಾತು’ ಹಿಸುಮಾತು ಆಯಿತೇ? ‘ಪಟಪಟ’ ಹಟಹಟ ಆಯಿತೇ? ಇಲ್ಲ. ಹಾಲು ಅನ್ನುವ ಪದವನ್ನು ಮಗು ತಾಯಿಯ ಬಾಯಿಂದ ಕಲಿಯುತ್ತದೆ, ತಾಯಿ ಹೇಗೆ ಅಂದರೆ ಹಾಗೆ. ಪಟಪಟ ಅನ್ನುವುದನ್ನು ತಾಯಿಯಿಂದಲೂ ಕಲಿಯುತ್ತದೆ, ತಗಡಿನ ಮೇಲೆ ಬೀಳುವ ಮಳೆಯಿಂದಲೂ ಕಲಿಯುತ್ತದೆ. ಮಳೆ ತನ್ನ ಉಚ್ಚಾರಣೆ ಬದಲಾಯಿಸಿಲ್ಲ.

ಕುಂದಾನಗರಿ

ಮೇಷ್ಟ್ರೇ, ಒಂದು ಸಂದೇಹ. ಬೆಳಗಾವಿಯಲ್ಲಿ ಮನೆ ಹೊರಗೆ ಮರಾಠಿ, ಒಳಗೆ ಕನ್ನಡ ನಮಗೆ. ಮರಾಠಿಯಲ್ಲಿ ‘ಗೂಜ್’ ಅಂದ್ರೆ ಗುಟ್ಟು, ಪಿಸುಮಾತಿಗೆ ‘ಕುಜಬುಜ್’. ಈ ‘ಗೂಜ್’ ಸಂಸ್ಕೃತದ ‘ಗುಹ್ಯ’ದಿಂದ ಬಂದದ್ದು. ನಮ್ಮ ಗುಜುಗುಜು ಕೂಡ ಅಲ್ಲಿಂದಲೇ ಬಂದಿರಬಹುದಲ್ಲ?

ನಿವೃತ್ತ_ಮೇಷ್ಟ್ರು

ಗೂಜ್‌ಗೆ ಗುಹ್ಯ ಸರಿ. ಗುಜುಗುಜುಗೆ ಒಪ್ಪಲಾರೆ. ಗುಜುಗುಜುವಿನಲ್ಲಿ ಗುಟ್ಟೆಲ್ಲಿದೆ? ಸಭೆಯಲ್ಲಿ ಮಂತ್ರಿ ತಡವಾಗಿ ಬಂದರೆ ಗುಜುಗುಜು ಏಳುತ್ತದೆ. ಯಾರೂ ಏನನ್ನೂ ಬಚ್ಚಿಡುತ್ತಿಲ್ಲ, ತುಂಬ ಜನ ಒಟ್ಟಿಗೆ ಮಾತಾಡುವುದರಿಂದ ಮಾತು ತಿಳಿಯುತ್ತಿಲ್ಲ, ಅಷ್ಟೆ. ಬಚ್ಚಿಟ್ಟು ಮಾತಾಡುವುದು ಗುಸುಗುಸು. ಅದಕ್ಕೆ ಇಬ್ಬರು ಸಾಕು, ಮೂರನೆಯವರು ಬಂದರೆ ನಿಲ್ಲುತ್ತದೆ. ಗುಸುಗುಸು ನಾಲ್ಕು ಮನೆ ದಾಟಿದರೆ ಗುಲ್ಲು.

ಸ್ವರವನ್ನೂ ಗಮನಿಸಿ. ಗಿಜಿಗಿಜಿ ಅಂದರೆ ಕಾಲಿಡಲು ಜಾಗವಿಲ್ಲದ ಸಂತೆ, ಗಜಿಬಿಜಿ ಅಂದರೆ ಗೊಂದಲ, ಗುಜುಗುಜು ಅಂದರೆ ತಗ್ಗಿದ ದನಿ. ವ್ಯಂಜನ ಹೆಚ್ಚುಕಡಿಮೆ ಅವೇ, ಸ್ವರ ಬದಲಾದಂತೆ ಸದ್ದು ಏರುತ್ತದೆ, ಇಳಿಯುತ್ತದೆ. ಗಡಗಡ–ಗುಡುಗುಡು, ಗಣಗಣ–ಕಿಣಿಕಿಣಿ. ತಗ್ಗಿದ ಸದ್ದಿಗೆ ನಮ್ಮ ಕಿವಿ ‘ಉ’ ಬೇಡುತ್ತದೆ, ತೆಳ್ಳಗಿನ ಸದ್ದಿಗೆ ‘ಇ’. ಗುಸುಗುಸುವಿಗೆ ತೆಲುಗಿನವರು ಗುಸಗುಸ, ತಮಿಳರು ಕುಸುಕುಸು, ಹಿಂದಿಯವರು ಖುಸುರ್‌ಫುಸುರ್ ಅನ್ನುತ್ತಾರೆ. ಬೇರೆ ಬೇರೆ ಮನೆತನದ ಭಾಷೆಗಳು ಈ ಪದಗಳ ವಿಷಯದಲ್ಲಿ ಮಾತ್ರ ಅಕ್ಕಪಕ್ಕದ ಮನೆಯವರ ಹಾಗೆ ಕೊಡುಕೊಳ್ಳುವುದು ಮಾಡಿವೆ. ಕೊಡವ ಭಾಷೆಯ ಮೇಲೆ ಕೆಲಸ ಮಾಡಿದ ಎಮೆನೊ 1969ರಲ್ಲಿ ಇದರ ಮೇಲೆಯೇ ಒಂದು ದೊಡ್ಡ ಲೇಖನ ಬರೆದರು.

ಇನ್ನೊಂದು. ಪಿಸುಗುಟ್ಟುವಿನಲ್ಲಿ ‘ಗುಟ್ಟು’ ಇದೆ ಎಂದು ಪ್ರತಿ ವರ್ಷ ಒಬ್ಬ ಹುಡುಗನಾದರೂ ಉತ್ತರಪತ್ರಿಕೆಯಲ್ಲಿ ಬರೆಯುತ್ತಿದ್ದ. ಹಾಗಾದರೆ ಮಿಣುಗುಟ್ಟುವ ನಕ್ಷತ್ರದಲ್ಲಿ ಏನು ಗುಟ್ಟಪ್ಪಾ, ವಟಗುಟ್ಟುವ ಕಪ್ಪೆಯದು ಏನು ಗುಟ್ಟು ಅಂತ ಕೇಳುತ್ತಿದ್ದೆ. ಅರ್ಧ ಅಂಕ ಮಾತ್ರ ಕೊಡುತ್ತಿದ್ದೆ, ಯೋಚನೆ ಮಾಡಿದ್ದಕ್ಕೆ.

ಬಿಳಿಸೀರೆ

ಪದಗಳ ಮಧ್ಯೆ ಆ ತಾಯಿಯ ಎದೆ ಮರೆತೇ ಹೋಯಿತಲ್ಲ! ನಾನು ಹೃದಯದ ವಾರ್ಡ್‌ನಲ್ಲಿ ನರ್ಸ್ ಆಗಿ ತುಂಬ ವರ್ಷ ಕೆಲಸ ಮಾಡಿದೀನಿ. ಮೊದಲು ಒಂದು ಸಮಾಧಾನ ಹೇಳ್ತೀನಿ. ಮರ್ಮರ್ ಅನ್ನೋದು ಕಾಯಿಲೆ ಹೆಸರಲ್ಲ, ಬರೀ ಸದ್ದಿನ ಹೆಸರು. ಮಕ್ಕಳಲ್ಲಿ ಏನೂ ತೊಂದರೆ ಇಲ್ಲದೇನೂ ಕೇಳುತ್ತೆ. ಬಸುರಿಯರಲ್ಲಿ, ರಕ್ತ ಕಡಿಮೆ ಇದ್ದವರಲ್ಲಿ, ಜ್ವರ ಬಂದಾಗಲೂ ಕೇಳಬಹುದು. ಆದ್ರೆ ವಯಸ್ಸಾದವರಲ್ಲಿ ಕೇಳಿದ್ರೆ ಎಕೋ ಮಾಡಿಸಲೇಬೇಕು, ಡಾಕ್ಟರ್ ಹೇಳಿದ್ದು ಸರಿ.

ಎದೆ ಡವಡವ ಅನ್ನುತ್ತಲ್ಲ, ಆ ಎರಡು ಬಡಿತ ಕವಾಟಗಳು ಮುಚ್ಚೋ ಸದ್ದು, ಬಾಗಿಲು ಹಾಕಿದ ಹಾಗೆ. ಎರಡರ ಮಧ್ಯೆ ಸುಮ್ಮನಿರಬೇಕು. ರಕ್ತ ಸಲೀಸಾಗಿ ಹರಿದ್ರೆ ಸದ್ದೇ ಇರಲ್ಲ. ದಾರಿ ಕಿರಿದಾಗಿ ಅಥವಾ ಬಾಗಿಲು ಸರಿಯಾಗಿ ಕೂರದೆ ರಕ್ತ ಸುಳಿ ಸುತ್ತಿದ್ರೆ ಆ ಮಧ್ಯದ ಜಾಗದಲ್ಲಿ ಸದ್ದು ತುಂಬಿಕೊಳ್ಳುತ್ತೆ. ಅದೇ ಮರ್ಮರ್.

ಮೇಷ್ಟ್ರ ಪಾಠ ಓದ್ತಾ ನನಗೆ ಅನ್ನಿಸಿದ್ದು ಇದು. ಇಂಗ್ಲಿಷ್‌ನಲ್ಲಿ ಎಲ್ಲಕ್ಕೂ ಮರ್ಮರ್ ಅಂತಾರೆ, ಆಮೇಲೆ ಹಿಂದೆ ಮುಂದೆ ವಿಶೇಷಣ ಸೇರಿಸ್ತಾರೆ. ನಮ್ಮ ಭಾಷೇಲಿ ಒಂದೊಂದಕ್ಕೂ ಬೇರೆ ಪದಾನೇ ಇದೆ. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾದ್ರೆ ಕೇಳೋದು ತಗ್ಗಿನ ಸದ್ದು, ದೂರದಲ್ಲಿ ಗುಡುಗಿದ ಹಾಗೆ, ಗುಡುಗುಡು. ಅದೇ ಕವಾಟ ಸೋರಿದ್ರೆ ಬುಸ್ ಅಂತ ಊದಿದ ಹಾಗೆ. ಇನ್ನು ಕೆಲವರಲ್ಲಿ ಸದ್ದು ಎಷ್ಟು ಜೋರಿರುತ್ತೆ ಅಂದ್ರೆ ಎದೆ ಮೇಲೆ ಅಂಗೈ ಇಟ್ಟರೇ ನಡುಕ ತಿಳಿಯುತ್ತೆ. 1816ರಲ್ಲಿ ಸ್ಟೆತಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ ಅದನ್ನ ಮುದ್ದು ಮಾಡಿದಾಗ ಬೆಕ್ಕು ಮಾಡೋ ನಡುಕಕ್ಕೆ ಹೋಲಿಸಿದ್ದ. ನಮ್ಮಲ್ಲಿ ಬೆಕ್ಕು ಗುರುಗುಟ್ಟುತ್ತೆ, ಅಲ್ವಾ? ನಾನು ಮೊದಲ ಸಲ ಅಂಗೈ ಇಟ್ಟು ಅದನ್ನ ಕಂಡದ್ದು ಹತ್ತೊಂಬತ್ತು ವರ್ಷದ ಒಂದು ಹುಡುಗಿ ಎದೇಲಿ. ಕೈ ಹಿಂದಕ್ಕೆ ತಗೊಂಡುಬಿಟ್ಟಿದ್ದೆ. ಅವಳೇ ನನಗೆ ಸಮಾಧಾನ ಹೇಳಿದಳು, “ಯಾವಾಗ್ಲೂ ಹಂಗೇ ಇರುತ್ತೆ ಅಕ್ಕ” ಅಂತ.

ಸದ್ದಿನ ಜೋರು ಅಳೆಯೋಕೆ ಆರು ಮೆಟ್ಟಿಲಿನ ಲೆಕ್ಕ ಇದೆ. 1933ರಿಂದ ನಡ್ಕೊಂಡು ಬಂದಿದೆ, ಲೆವೈನ್ ಅನ್ನೋ ಡಾಕ್ಟರ ಹೆಸರಲ್ಲಿ. ಒಂದನೇದು ಕೋಣೆ ಬಾಗಿಲು ಹಾಕಿ ಉಸಿರು ಬಿಗಿಹಿಡಿದು ಕೇಳಿದ್ರೂ ಕಷ್ಟ. ನಾಲ್ಕರಿಂದ ಕೈಗೆ ತಿಳಿಯುತ್ತೆ. ಆರನೇದಕ್ಕೆ ಸ್ಟೆತಾಸ್ಕೋಪ್ ಎದೆಯಿಂದ ಚೂರು ಮೇಲೆತ್ತಿದ್ರೂ ಕೇಳುತ್ತೆ. ಚೀಟಿ ಮೇಲೆ ಎಷ್ಟು ಅಂತ ಬರೆದಿರ್ತಾರೆ, ನೋಡಿ.

ಅಮ್ಮಂಗೆ ಹೀಗೆ ಹೇಳಿ: ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ್ರೆ ನೀರು ಸದ್ದು ಮಾಡುತ್ತಲ್ಲ, ಹಾಗೆ.

ಚುರಮರಿ_ಚೀಲ

ಅಕ್ಕಾರ, ಆ ಹುಡುಗಿ ಕಥಿ ಓದಿ ನನಗೂ ಕೈ ಹಿಂದ ತಗೊಂಡಂಗ ಆತು.

ತೋಟದಮನೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ಎಕೋ ಆಯಿತು. ಬಿಳಿಸೀರೆ ಅಕ್ಕ, ಚೀಟಿಯಲ್ಲಿ ಆರಕ್ಕೆ ಎರಡು ಅಂತಿತ್ತು. ಮಹಾಪಧಮನಿಯ ಕವಾಟ ವಯಸ್ಸಿಗೆ ಸ್ವಲ್ಪ ದಪ್ಪಗಾಗಿದೆ, ದಾರಿ ಕಿರಿದಾಗಿಲ್ಲ, ಈಗ ಏನೂ ಮಾಡೋದು ಬೇಡ, ವರ್ಷಕ್ಕೊಮ್ಮೆ ನೋಡೋಣ ಅಂದರು. ಎಕೋ ಮಾಡಿದವರು ಪುಣ್ಯಾತ್ಮರು, ಪರದೆ ತಿರುಗಿಸಿ ಅಮ್ಮನಿಗೆ ತೋರಿಸಿದರು. ಕವಾಟ ರೆಪ್ಪೆ ಹಾಗೆ ಮುಚ್ಚಿ ತೆರೆಯೋದನ್ನ ಅಮ್ಮ ಬಾಯಿಬಿಟ್ಟುಕೊಂಡು ನೋಡಿದಳು.

ಪೈಪು, ಹೆಬ್ಬೆರಳು ಹೇಳಿದೆ ಅಕ್ಕ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಓ, ದಂಬೆಗೆ ಎಲೆ ಸಿಕ್ಕಿದ ಹಂಗೆ” ಅಂದಳು.

ಬೇರೆ ಕಡೆಯವರಿಗೆ ಗೊತ್ತಿಲ್ಲದೆ ಇರಬಹುದು. ಅಮ್ಮನ ತವರಲ್ಲಿ ಬಾವಿ ಇರಲಿಲ್ಲ. ಗುಡ್ಡದ ಒರತೆಯಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಬಚ್ಚಲ ತನಕ ತಾನಾಗೇ ಬರ್ತಿತ್ತು. ಅಬ್ಬಿ ನೀರು ಅಂತಾರೆ. ಹಗಲು ರಾತ್ರಿ ಬೀಳ್ತಾನೇ ಇರ್ತದೆ, ಹಾಗಾಗಿ ಮನೆಯವರಿಗೆ ಆ ಸದ್ದು ಕೇಳೋದೇ ಇಲ್ಲ. ಮಳೆಗಾಲದಲ್ಲಿ ಎಲ್ಲೋ ಮೇಲೆ ಹಲಸಿನ ಎಲೆಯೋ ಕಡ್ಡಿಯೋ ಅಡ್ಡ ಕೂತರೆ ಸದ್ದು ಬದಲಾಗ್ತದೆ. ಆಗ ನಿದ್ದೆಯಲ್ಲಿದ್ದವರಿಗೂ ಎಚ್ಚರ ಆಗ್ತದಂತೆ. ಅಜ್ಜ ಎದ್ದು ಕಂಬಳಿಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು ದಂಬೆ ಗುಂಟ ಹೋಗಿ, ಎಲೆ ತೆಗೆದು ಬರೋರು. ಎಲ್ಲಿ ಕೂತಿದೆ ಅಂತ ಕತ್ತಲಲ್ಲಿ ಕಿವಿಯಿಂದಲೇ ಗೊತ್ತಾಗ್ತಿತ್ತಂತೆ. “ಆ ಡಾಕ್ಟ್ರೂ ಹಂಗೇ ಅಲ್ವಾ, ಒಂದೇ ಕಡೆ ಎರಡು ಸಲ ಇಟ್ಟು ನೋಡಿದ್ರು” ಅಂದಳು. ಒಂದೂವರೆ ನಿಮಿಷದ ಡಾಕ್ಟರ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳೀತು. ಅರ್ಧ ಇದೆ.

ಮೇಷ್ಟ್ರೇ, ಆ ಸದ್ದಿಗೆ ಏನಂತಿದ್ರಿ ಅಂತ ಕೇಳಿದೆ. ಜುಳುಜುಳು ಅಂತಾನಾ? “ಜುಳುಜುಳು ಪದ್ಯದಲ್ಲಿ ಬರ್ತದೆ. ನಮ್ಮ ಅಬ್ಬಿ ಯಾವತ್ತೂ ಜುಳುಜುಳು ಅಂದಿಲ್ಲ” ಅಂದಳು. ಮತ್ತೆ? ಕಣ್ಣು ಮುಚ್ಚಿ ಯೋಚನೆ ಮಾಡಿ, ತುಟಿ ಮುಂದೆ ಮಾಡಿ, “ಸೊರ್ರ್… ಸೊರ್ರ್…” ಅಂತ ಎರಡು ಸಲ ಅಂದಳು. ಮೂರನೇ ಸಲಕ್ಕೆ ನನಗೂ ಕೇಳಿಸಿತು. ಅಜ್ಜನ ಮನೆಗೆ ರಜಕ್ಕೆ ಹೋದಾಗ ನಾನೂ ಕೇಳಿದ್ದೇನೆ, ಅದಕ್ಕೊಂದು ಹೆಸರಿದೆ ಅಂತ ಗೊತ್ತಿರಲಿಲ್ಲ.

ಸಂಜೆ ಚಿಕ್ಕಮ್ಮನಿಗೆ ಫೋನು. “ಮರ್ಮ ಅಲ್ವೇ, ಎಂತದೂ ಇಲ್ಲ, ಅಬ್ಬಿ ಸದ್ದು. ಸಣ್ಣ ಎಲೆ ಕೂತಿದ್ಯಂತೆ, ಇರ್ಲಿ ಅಂದಿದಾರೆ.” ಆ ಕಡೆಯಿಂದ ಚಿಕ್ಕಮ್ಮ ಏನು ಕೇಳಿದರೋ, ಅಮ್ಮ ಬೆನ್ನು ತಿರುಗಿಸಿ ಅಡುಗೆಮನೆಗೆ ಹೋಗಿ ಗುಸುಗುಸು ಶುರು ಮಾಡಿದಳು. ನಾನು ಹೋದ ಕೂಡಲೇ ನಿಂತಿತು.

ನಿವೃತ್ತ_ಮೇಷ್ಟ್ರು

‘ಸೊರ್ರ್’. ಬರೆದಿಟ್ಟುಕೊಂಡೆ. ದಂಬೆ ಮರದ್ದಾದರೆ ಸೊರ್ರ್, ಈಗಿನ ಪಿವಿಸಿ ಪೈಪಿನದಾದರೆ ಏನನ್ನುತ್ತಾರೆ, ತಾಯಿಯವರನ್ನು ಕೇಳಿ ಹೇಳಿ.

ತೋಟದಮನೆ_ಹುಡುಗಿ

ಕೇಳಿದೆ. “ಅದಕ್ಕೆ ಸದ್ದೇ ಇಲ್ಲ, ಕಟ್ಟಿದ್ರೆ ಬೆಳಿಗ್ಗೆ ಬಚ್ಚಲಿಗೆ ಹೋದ ಮೇಲೇ ಗೊತ್ತಾಗೋದು” ಅಂತೆ. ಕಣ್ಣಿನ ಆಪರೇಷನ್ ಮುಂದಿನ ಗುರುವಾರ.